ಅವ್ವನ ಕೈ ಮೇಲಿನ ಅಪವಾದ

ನರಗುಂದ
10 ಜೂನ್ 2024

ಅಣ್ಣ ನಿಜಲಿಂಗಪ್ಪನಿಗೆ ತಂಗಿ ನೀಲಾಳ ನಮಸ್ಕಾರ.

ನರಗುಂದದಿಂದ ಗಜೇಂದ್ರಗಡಕ್ಕೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು, ಇವಳು ಕಾಗದ ಬರೆಯುತ್ತಿದ್ದಾಳೆ, ಇವಳಿಗೇನು ಹುಚ್ಚು ಎಂದು ನೀನು ವೈನಿಯ ಮುಂದೆ ಅನ್ನುತ್ತೀ, ನನಗೆ ಗೊತ್ತು. ಅವ್ವನನ್ನು ಮಣ್ಣು ಮಾಡಿದ ದಿನ ನನ್ನ ಮಗಳು ನಕ್ಕಳೆಂದು ನೀನು ಅವಳ ರಟ್ಟೆ ಹಿಡಿದು ಎಳೆದೊಯ್ದು ಹೊರಗೆ ಕೂಡಿಸಿದೆ. ಅವತ್ತು ಸಂಜೆಯೇ ನಿನ್ನ ನಂಬರ್ ಬ್ಲಾಕ್ ಮಾಡಿದೆ. ಮೂರು ವರ್ಷವಾಯಿತು. ತೆಗೆಯಲು ಇನ್ನೂ ಮನಸ್ಸಿಲ್ಲ, ಅದಕ್ಕೇ ಕಾಗದ.

ಬನಶಂಕರಿಗೆ ಈಗ ಒಂಬತ್ತು ತುಂಬಿದೆ. ಮಾತು ಬಂದಿಲ್ಲ. ಎರಡೂ ಕೈ ಮೇಲೆತ್ತಿಕೊಂಡು ತೂರಾಡುತ್ತ ನಡೆಯುತ್ತಾಳೆ. ನಗು ಮಾತ್ರ ಬೇಕಾದಷ್ಟು. ಕಳೆದ ತಿಂಗಳು ಮೂರು ಸಲ ಫಿಟ್ಸ್ ಬಂದವು. ಹೆದರಿ ಹುಬ್ಬಳ್ಳಿಗೆ ಒಯ್ದೆವು. ಅಲ್ಲಿ ಮೆಹನಾಜ ಎಂಬ ಡಾಕ್ಟರಮ್ಮ ಟೇಪು ಹಿಡಿದು ಅವಳ ತಲೆಯ ಸುತ್ತಳತೆ ತೆಗೆದುಕೊಂಡರು, ಹುಟ್ಟಿದಾಗಿನ ಕಾರ್ಡು ಕೇಳಿದರು. ಹುಟ್ಟಿದಾಗ ತಲೆ ಎಲ್ಲ ಕೂಸುಗಳಷ್ಟೇ ಇತ್ತಂತೆ. ಆಮೇಲೆ ಬೆಳೆಯಬೇಕಾದಷ್ಟು ಬೆಳೆದಿಲ್ಲ.

"ನಿಮ್ಮ ಎರಡೂ ಮನೆತನದೊಳಗ ಇಂಥಾ ಕೂಸು ಇತ್ತೇನ್ರಿ? ಮಾತಿಲ್ಲ, ಭಾಳ ನಗತದ, ತಲಿ ಸಣ್ಣದು. ತೀರಿಕೊಂಡಿದ್ರೂ ಅಡ್ಡಿ ಇಲ್ಲ, ಹೇಳ್ರಿ" ಎಂದು ಕೇಳಿದರು.

ನಮ್ಮ ಅತ್ತೆ ಬಿಟ್ಟಾರೆಯೇ? "ನಮ್ಮ ಕಡೆ ಯಾರೂ ಇಲ್ರಿ. ಇಕಿ ತವರುಮನಿ ಬಾಣಂತನದಾಗ ಇಕಿ ಅವ್ವ ಎಣ್ಣಿ ಹಚ್ಚಿ ತಲಿ ಒತ್ತಿ ಒತ್ತಿ ಹಿಂಗ ಮಾಡ್ಯಾಳ" ಎಂದರು. ಎಣ್ಣೆ ನೀರು ಹಾಕುವಾಗ ಕೂಸಿನ ತಲೆ ತೀಡಿ ಗುಂಡಗೆ ಮಾಡುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಡಾಕ್ಟರಿಗೆ ಅದನ್ನು ಬಿಡಿಸಿ ಹೇಳುವಾಗ ನಾನು ತಲೆ ಎತ್ತಲಿಲ್ಲ. ಇದೇ ಮಾತನ್ನು ಏಳು ವರ್ಷದ ಹಿಂದೆ ನಾನೇ ನಿಮ್ಮ ಕಟ್ಟೆಯ ಮುಂದೆ ನಿಂತು, ಓಣಿಯವರೆಲ್ಲ ಕೇಳುವಂತೆ ಅವ್ವನಿಗೆ ಅಂದಿದ್ದೆ.

ನನಗೆ ತಿಳಿದಂತೆ ನಮ್ಮಲ್ಲಿ ಅಂಥ ಕೂಸು ಯಾವುದೂ ಇಲ್ಲ. ಆದರೆ ನನಗಿಂತ ಹನ್ನೆರಡು ವರ್ಷ ದೊಡ್ಡವನು ನೀನು. ಅಪ್ಪ ತೀರಿಹೋಗಿದ್ದರೂ ಅವನ ತಂಗಿ ಗುಡ್ಡವ್ವತ್ತೆ ಹೊಳೆಆಲೂರಿನಲ್ಲಿ ಇನ್ನೂ ಇದ್ದಾಳೆ. ಕೇಳಿ ತಿಳಿಸು. ಮಗಳ ರಕ್ತ, ನನ್ನ ರಕ್ತ ಎರಡೂ ತೆಗೆದು ದೂರದ ಲ್ಯಾಬಿಗೆ ಕಳಿಸಿದ್ದಾರೆ.

ನೀಲಾ


ಗಜೇಂದ್ರಗಡ
24 ಜೂನ್ 2024

ಚಿ. ಸೌ. ನೀಲಾಳಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ನಾವೆಲ್ಲ ಆರಾಮ ಇದ್ದೇವೆ. ಮಗ್ಗ ನಡೆದಿವೆ.

ನೀನು ಕೇಳಿದ್ದಕ್ಕೆ ಉತ್ತರ: ನಮ್ಮ ಮನೆತನದಲ್ಲಿ ಅಂಥ ಕೂಸು ಇರಲಿಲ್ಲ. ಡಾಕ್ಟರಿಗೆ ಹಾಗೆಯೇ ಬರೆಸು. ಗುಡ್ಡವ್ವತ್ತೆಯ ಹತ್ತಿರ ಹೋಗಬೇಡ. ಅವಳಿಗೆ ಅರಳುಮರಳು, ಏನು ಕೇಳಿದರೆ ಏನೋ ಹೇಳುತ್ತಾಳೆ.

ಅವ್ವನ ಕೈ ಜೋರು ಎನ್ನುವುದು ಓಣಿಗೇ ಗೊತ್ತಿತ್ತು. ನೀನು ಬೈದಾಗ ಅವಳೇ "ಹೌದವ್ವಾ, ನನ್ನ ಕೈಯಿಂದನ ಆಗಿರಬೇಕು" ಎಂದು ಒಪ್ಪಿಕೊಂಡಿರಲಿಲ್ಲವೇ? ಮಣ್ಣು ಸೇರಿದವಳ ಮಾತು ಈಗ ಮತ್ತೆ ಏಕೆ ಕೆದಕುತ್ತೀ?

ನಮ್ಮ ಮಗಳು ಮಧುಮತಿಯನ್ನು ರೋಣಕ್ಕೆ ಕೊಟ್ಟು ಒಂದೂವರೆ ವರ್ಷವಾಯಿತು. ಪೇಟೆಯಲ್ಲಿ ಕಡಲೆ ವ್ಯಾಪಾರದ ಮನೆ, ಒಳ್ಳೆಯ ಜನ. ಅಳಿಯ ದ್ಯಾಮೇಶನೂ ಸಮಾಧಾನದ ಹುಡುಗ. ಆ ಮನೆಯವರ ಕಿವಿಗೆ ಇಂಥ ಮಾತು ಬೀಳಬಾರದು. ನೀನೂ ಹೆಣ್ಣು ಹೆತ್ತವಳು, ಹೆಚ್ಚು ಹೇಳುವುದು ಬೇಕಿಲ್ಲ.

ನನ್ನ ಕೈಯಾರೆ ನೇಯ್ದ ಪಟ್ಟೇದಂಚಿನ ಸೀರೆಯೊಂದನ್ನು ಪಾರ್ಸೆಲ್ ಮಾಡಿದ್ದೇನೆ.

ನಿಜಲಿಂಗಪ್ಪ


ನರಗುಂದ
19 ಆಗಸ್ಟ್ 2024

ಅಣ್ಣಾ,

ಸೀರೆ ಚಲೋ ಇದೆ. ನಾನು ಉಡುವುದಿಲ್ಲ.

ಲ್ಯಾಬಿನಿಂದ ಕಾಗದ ಬಂತು. ಮೆಹನಾಜ ಡಾಕ್ಟರು ಒಂದು ತಾಸು ಕೂತು ತಿಳಿಸಿ ಹೇಳಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ, ದಯವಿಟ್ಟು ಮಗ್ಗ ನಿಲ್ಲಿಸಿ ಓದು.

ನಮ್ಮ ಮೈಯಲ್ಲಿ ಒಂದೊಂದು ಜೀನಿಗೂ ಎರಡು ಪ್ರತಿ ಇರುತ್ತವೆ. ಒಂದು ಅಪ್ಪನದು, ಒಂದು ಅವ್ವನದು. ಸಾಮಾನ್ಯವಾಗಿ ಎರಡೂ ಕೆಲಸ ಮಾಡುತ್ತವೆ. ಕೆಲವಕ್ಕೆ ಮಾತ್ರ ದೇಹವೇ ಒಂದು ಪ್ರತಿಯನ್ನು ಮುದ್ರೆ ಒತ್ತಿ ಮುಚ್ಚಿಬಿಡುತ್ತದೆ. ಅದರೊಳಗಿನ ಬರಹ ಅಳಿಸುವುದಿಲ್ಲ, ಬರೀ ಮುಚ್ಚಿರುತ್ತದೆ. ಮೆದುಳು ಬೆಳೆಯಲು ಬೇಕಾದ ಅಂಥ ಒಂದು ಜೀನಿನಲ್ಲಿ ಅಪ್ಪನ ಪ್ರತಿ ಮುಚ್ಚಿರುತ್ತದಂತೆ, ಅವ್ವನ ಪ್ರತಿಯೊಂದೇ ದುಡಿಯಬೇಕು. ಬನಶಂಕರಿಗೆ ನನ್ನಿಂದ ಹೋದ ಪ್ರತಿಯಲ್ಲಿ ತಪ್ಪಿದೆ. ಅವಳಪ್ಪ ಶ್ರೀಧರ ಕೊಟ್ಟ ಒಳ್ಳೆಯ ಪ್ರತಿ ಅವಳ ಮೆದುಳಿನ ತುಂಬ ಇದೆ, ಆದರೆ ಮುಚ್ಚಿದೆ. ಅದನ್ನು ತೆರೆಯುವ ಔಷಧಿಗಾಗಿ ಹೊರದೇಶಗಳಲ್ಲಿ ಪ್ರಯತ್ನ ನಡೆದಿದೆಯಂತೆ. ಈಗಲೇ ಆಸೆ ಇಟ್ಟುಕೊಳ್ಳಬೇಡಿ ಎಂದರು. ಇಟ್ಟುಕೊಂಡಿದ್ದೇನೆ.

"ಹಂಗಾರ ತಲಿ ಒತ್ತಿದ್ದಕ್ಕ ಅಲ್ಲೇನ್ರಿ?" ಎಂದು ಕೇಳಿದೆ.

"ಒಳಗ ಮೆದುಳು ಬೆಳದ್ಹಂಗ ಮ್ಯಾಲಿನ ಬುರುಡಿ ಬೆಳೀತದರಿ. ಎಣ್ಣಿ ಹಚ್ಚೋ ಕೈ ಅದನ್ನ ತಡಿಯೂದಿಲ್ಲ" ಎಂದರು.

ಅಣ್ಣಾ, ಅವ್ವ ಏನೂ ಮಾಡಿರಲಿಲ್ಲ. ನಾನು ದವಾಖಾನೆಯ ಬೆಂಚಿನ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಬನಶಂಕರಿ ನನ್ನ ಮುಖ ನೋಡಿ ಚಪ್ಪಾಳೆ ತಟ್ಟಿದಳು. ಹೆತ್ತ ತಾಯಿಗೆ "ಇನ್ನ ಮ್ಯಾಲೆ ಯಾರ ಕೂಸಿನ್ನೂ ಮುಟ್ಟಬ್ಯಾಡ" ಎಂದು ಕೂಗಿ ಹೋದವಳು ನಾನು. ಅವಳು ಸಾಯುವವರೆಗೂ ತಿರುಗಿ ನೋಡಲಿಲ್ಲ. ನನಗೆ ನನ್ನದೇ ನಾಲಿಗೆಯ ಮೇಲೆ ಹೇಸಿಗೆ ಬಂದಿದೆ.

ಇನ್ನೊಂದು ಮಾತೂ ಹೇಳಿದರು. ಆ ತಪ್ಪು ನನಗೆ ಅವ್ವನಿಂದ ಬಂದಿದ್ದರೆ ನಾನೇ ಬನಶಂಕರಿಯಂತೆ ಇರುತ್ತಿದ್ದೆ. ನಾನು ಸರಿ ಇದ್ದೇನೆ ಎಂದರೆ ಅದು ಅಪ್ಪನ ಕಡೆಯದು. ಗಂಡಸು ದಾಟಿಸಿದರೆ ಮುಚ್ಚಿಕೊಂಡು ಸುಮ್ಮನಿರುತ್ತದೆ, ಹೆಂಗಸು ದಾಟಿಸಿದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಹಾಗಾಗಿ ನೀನು ಬೇಡವೆಂದರೂ ಮೊನ್ನೆ ಹೊಳೆಆಲೂರಿಗೆ ಹೋದೆ.

ಗುಡ್ಡವ್ವತ್ತೆಗೆ ಯಾವ ಅರಳುಮರಳೂ ಇಲ್ಲ. ಕಟ್ಟೆಯ ಮೇಲೆ ಕೂತು ಹೆಸರುಕಾಳು ಆರಿಸುತ್ತಿದ್ದಳು. ನಾನಿನ್ನೂ ಅಂಗಳದಾಚೆ ಇದ್ದೆ. ಬನಶಂಕರಿ ನಕ್ಕಳು. ಅತ್ತೆ ಮೊರ ಕೆಳಗಿಟ್ಟು ಎದ್ದು ನಿಂತು "ರಾಯಣ್ಣಾ" ಎಂದಳು.

ರಾಯಣ್ಣ ಯಾರು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅವಳ ಮಗ. ನಾನು ಹುಟ್ಟುವ ಹಿಂದಿನ ವರ್ಷ ಸತ್ತವನು. ನಾಲ್ಕು ವರ್ಷ ನಮ್ಮ ಮನೆಯಲ್ಲೇ ಇದ್ದನಂತೆ. "ನಿಮ್ಮಣ್ಣನ ಕೇಳವಾ, ಅವಂಗೆಲ್ಲಾ ಗೊತ್ತೈತಿ" ಎಂದಳು. ಬನಶಂಕರಿಯನ್ನು ಸಂಜೆಯವರೆಗೆ ಮಡಿಲಿನಿಂದ ಇಳಿಸಲಿಲ್ಲ.

ಡಾಕ್ಟರು ನಿನ್ನ ರಕ್ತ ಬೇಕು ಎಂದಿದ್ದಾರೆ. ಅಪ್ಪನಿಂದ ಅದು ನಿನಗೂ ಬಂದಿರಬಹುದು, ಬರದೆಯೂ ಇರಬಹುದು. ನಿನಗೆ ಏನೂ ಆಗುವುದಿಲ್ಲ. ನಿನ್ನಿಂದ ಮಧುಗೆ ಹೋಗಿದ್ದರೆ ಅವಳಿಗೂ ಏನೂ ಆಗುವುದಿಲ್ಲ. ಆದರೆ ಅವಳು ಹೆರುವ ಕೂಸಿಗೆ ಆಗಬಹುದು. ಅವಳಿಗೆ ಹೇಳಬೇಕು. ನೀನೇ ಹೇಳಬೇಕು.

ನೀಲಾ


ಗಜೇಂದ್ರಗಡ
2 ಸೆಪ್ಟೆಂಬರ್ 2024

ನೀಲಾ,

ಹತ್ತು ದಿನ ನಿನ್ನ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಉತ್ತರ ಬರೆಯದೆ ತಪ್ಪಿಸಿಕೊಳ್ಳಬಹುದೇ ಎಂದೂ ಯೋಚಿಸಿದೆ. ಸುಳ್ಳು ಹೇಳಿ ಸಾಕಾಗಿದೆ.

ರಾಯಣ್ಣನಿಗೂ ನನಗೂ ಒಂದೇ ವಯಸ್ಸು. ಇಂಥ ಕೂಸು ಹೆತ್ತಳೆಂದು ಅತ್ತೆಯ ಗಂಡನ ಮನೆಯವರು ಅವಳನ್ನೂ ಅವನನ್ನೂ ನಮ್ಮಲ್ಲಿ ತಂದುಬಿಟ್ಟಿದ್ದರು. ಬೀಗರೋ ನೆಂಟರೋ ಬರುತ್ತಾರೆ ಎಂದರೆ ಅಪ್ಪ ಅವನನ್ನು ಹಿಂದಿನ ಕೋಣೆಯ ಕುಣಿಮಗ್ಗದ ಕುಣಿಯಲ್ಲಿ, ನೇಕಾರ ಕಾಲಿಳಿಬಿಟ್ಟು ಕೂಡುವ ತಗ್ಗಿನಲ್ಲಿ ಕೂಡಿಸಿ ಮೇಲೆ ಕಂಬಳಿ ಹಾಕುತ್ತಿದ್ದ. ಅವನಿಗೆ ಅದೂ ಆಟವೇ. ಒಳಗಿನಿಂದ ನಗುತ್ತಿದ್ದ. ಆ ನಗು ಹೊರಗೆ ಕೇಳಬಾರದೆಂದು ಅಪ್ಪ ಕಣ್ಸನ್ನೆ ಮಾಡಿದರೆ ನಾವು ಮನೆಯ ಮೂರೂ ಮಗ್ಗ ಒಮ್ಮೆಗೇ ಹೊಡೆಯಬೇಕು. ಒಂದು ಮಗ್ಗಕ್ಕೆ ಎಷ್ಟೋ ಸಲ ಹಾಸೇ ಇರುತ್ತಿರಲಿಲ್ಲ. ನೂಲಿಲ್ಲದ ಮಗ್ಗ ಹೊಡೆಯುವ ಕೆಲಸ ನನ್ನದು. ಬಂದವರು ಅಪ್ಪನ ಹೆಸರು ಹಿಡಿದು "ಶರಣಬಸಪ್ಪನೋರ ಮನಿಯಾಗ ಭಾಳ ದುಡಿಮಿ ನೋಡ್ರಿ" ಎಂದು ಹೊಗಳಿ ಹೋಗುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು, ನೀಲಾ. ಅದನ್ನೂ ಬರೆಯುತ್ತೇನೆ.

ಆಮೇಲೆ ಅಪ್ಪ ಹೊಳೆಆಲೂರಿನಲ್ಲಿ ಬೇರೆ ಮನೆ ಮಾಡಿ ಅವರಿಬ್ಬರನ್ನೂ ಅಲ್ಲಿಗೆ ಕಳಿಸಿದ. ವರ್ಷದೊಳಗೆ ಫಿಟ್ಸ್ ಬಂದು ಹುಡುಗ ಹೋದ. ಅವನ ಹೆಸರು ಎತ್ತಕೂಡದು ಎಂದು ಅಪ್ಪ ಅವ್ವನಿಂದಲೂ ನನ್ನಿಂದಲೂ ಆಣೆ ಹಾಕಿಸಿಕೊಂಡ.

ಇನ್ನು ಅವ್ವನ ಮಾತು. ನೀನು ಬೈದು ಹೋದ ದಿನ ನಾನು ಅವಳ ಮುಂದೆ ಕೂತು "ಇದು ರಾಯಣ್ಣನ ಹಂಗ ಐತಿ, ನೀಲಾಗ ಹೇಳಿಬಿಡೂಣು" ಎಂದೆ. ಅವಳು, "ಬಾಯಿ ಮುಚ್ಚು. ನಾಳೆ ಮಧುಗ ವರಾ ನೋಡೂದೈತಿ. ರಕ್ತದಾಗ ಐತಿ ಅಂದ್ರ ಯಾರು ಮಾಡ್ಕೋತಾರ? ನನ್ನ ಕೈ ಮ್ಯಾಲೆ ಹಾಕ್ರಿ, ಮುದುಕಿ ಕೈಗೆ ಏನಾಗೂದೈತಿ" ಎಂದಳು. ನಾನು ಒಪ್ಪಿದೆ. ಒಪ್ಪಬಾರದಿತ್ತು. ಅವ್ವ ಓಣಿಯ ಕೂಸುಗಳಿಗೆಲ್ಲ ಎಣ್ಣೆ ನೀರು ಹಾಕುತ್ತಿದ್ದವಳು. ಆಮೇಲಿನ ನಾಲ್ಕು ವರ್ಷ ಯಾರೂ ಅವಳ ಕೈಗೆ ಒಂದು ಕೂಸನ್ನೂ ಕೊಡಲಿಲ್ಲ. ಎದುರು ಮನೆಯಲ್ಲಿ ಕೂಸು ಅತ್ತರೆ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೂಡುತ್ತಿದ್ದಳು. ನಾನು ನೋಡುತ್ತ ಮಗ್ಗ ಹೊಡೆಯುತ್ತಿದ್ದೆ.

ಮಧು ಈಗ ಎರಡು ತಿಂಗಳ ಬಸುರಿ. ಮೂರು ತುಂಬುವವರೆಗೆ ಯಾರಿಗೂ ಹೇಳಬಾರದೆಂದು ಸುಮ್ಮನಿದ್ದೆವು. ಬರುವ ವಾರ ರೋಣಕ್ಕೆ ಹೋಗಿ ನಾನೇ ಎಲ್ಲ ಹೇಳುತ್ತೇನೆ. ನನ್ನ ಮೇಲೆ ನಂಬಿಕೆ ಇಡು.

ನಿನ್ನ ಅಣ್ಣ


ಗಜೇಂದ್ರಗಡ
20 ಸೆಪ್ಟೆಂಬರ್ 2024

ನೀಲಾ,

ರೋಣಕ್ಕೆ ಎರಡು ಸಲ ಹೋದೆ. ಮೊದಲನೆಯ ಸಲ ಮಧುವಿನ ಅತ್ತೆ ಒಗ್ಗರಣೆ ಅವಲಕ್ಕಿ ಮಾಡಿದರು, ತಿಂದೆ. "ಬೀಗರು ಇವತ್ತ್ ಯಾಕ ಮೆತ್ತಗದಾರ?" ಎಂದು ದ್ಯಾಮೇಶನ ತಂದೆ ಚೇಷ್ಟೆ ಮಾಡಿದರು. ಬಿಸಿಲು ಎಂದೆ. ಎರಡನೆಯ ಸಲ ಮಧು ಹೊಸ ಬಳೆ ತೋರಿಸಿದಳು. ಬಾಯಿ ತೆರೆದೆ, "ಹೊತ್ತು ಹೊತ್ತಿಗೆ ಉಣ್ಣವಾ" ಎಂಬ ಮಾತು ಬಂತು. ಬಸ್ ಸ್ಟ್ಯಾಂಡಿಗೆ ಬಂದು ಕೂತೆ.

ನನ್ನಿಂದ ಆಗುವುದಿಲ್ಲ. ಹೇಳಿದ ಮೇಲೆ ಅವರು ಅವಳನ್ನು ನಮ್ಮ ಮನೆಗೆ ತಂದುಬಿಟ್ಟರೆ? ಗುಡ್ಡವ್ವತ್ತೆಯನ್ನು ತಂದುಬಿಟ್ಟಂತೆ? ನೀನು ಏನು ಬೇಕಾದರೂ ಅನ್ನು, ಕೇಳಿಕೊಳ್ಳುತ್ತೇನೆ.

ನಿಜಲಿಂಗಪ್ಪ


ನರಗುಂದ
29 ಸೆಪ್ಟೆಂಬರ್ 2024

ಅಣ್ಣಾ,

ನಾನು ಹೋಗಿ ಬಂದೆ. ಬನಶಂಕರಿಯನ್ನು ಕರೆದುಕೊಂಡೇ ಹೋದೆ, ನೋಡಲಿ ಎಂದು.

ಮಧುವನ್ನೂ ಅವಳ ಗಂಡನನ್ನೂ ಅತ್ತೆ ಮಾವನನ್ನೂ ಕೂಡಿಸಿಕೊಂಡು ಹೇಳಿದೆ. ರಾಯಣ್ಣ ಎಂಬ ಹುಡುಗ ನಮ್ಮ ಮನೆತನದಲ್ಲಿ ಇದ್ದ, ಚಿಕ್ಕವನಾಗಿಯೇ ಹೋದ ಎಂದಷ್ಟೇ ಹೇಳಿದೆ. ಕುಣಿಯ ಮಾತು, ಮಗ್ಗದ ಮಾತು, ಅವ್ವನ ಮಾತು ಎತ್ತಲಿಲ್ಲ. ಅವು ನಿನ್ನವು. ಬನಶಂಕರಿ ಮಧುವಿನ ಮಾವನ ಟೊಪ್ಪಿಗೆ ಕಿತ್ತುಕೊಂಡು ನಕ್ಕಳು. ಅವರು ಕಸಿದುಕೊಳ್ಳಲಿಲ್ಲ. "ಮೊದಲ ರಕ್ತಾ ನೋಡ್ಸೂಣು ತಗೀರಿ. ಲಗೂನ ಆಗಲಿ" ಎಂದರು. ಅಷ್ಟೇ ಅಣ್ಣಾ. ರಾಯಣ್ಣ ಹೋದಾಗಿನಿಂದ ಮೂವತ್ತೇಳು ವರ್ಷ ನಮ್ಮ ಮನೆ ಅಂಜಿದ್ದು ಇಷ್ಟಕ್ಕೆ.

ಒಂದು ಸುಳ್ಳು ಹೇಳಿದ್ದೇನೆ. ಇದನ್ನೆಲ್ಲ ನಿನಗೆ ಯಾರು ಹೇಳೆಂದರು ಎಂದು ಮಧು ಕೇಳಿದಳು. "ನಿಮ್ಮಪ್ಪನ ಕಳಿಸ್ಯಾನವ್ವಾ. ತಾನ ಹೇಳಾಕ ಬಂದ್ರ ಅಳೂ ಬರತೈತಿ ಅಂತ ನನ್ನ ಕಳಿಸಿದಾ" ಎಂದೆ. ಅವಳ ಕಣ್ಣು ತುಂಬಿದವು. "ನನ್ನ ಸಲುವಾಗಿ ಅಪ್ಪಾ ಇಷ್ಟು ಧೈರ್ಯಾ ಮಾಡಿದ್ನಾ ಅತ್ತಿ?" ಎಂದಳು.

ನಿನ್ನನ್ನು ಉಳಿಸಬೇಕೆಂದು ಹೇಳಿದೆನೋ ಚುಚ್ಚಬೇಕೆಂದು ಹೇಳಿದೆನೋ, ನನಗೇ ತಿಳಿಯದು. ಅವ್ವ ಮಾಡದ ತಪ್ಪನ್ನು ಹೊತ್ತಳು. ನೀನು ಮಾಡದ ಒಳ್ಳೆಯದನ್ನು ಹೊತ್ತು ನೋಡು.

ಶುಕ್ರವಾರ ಹುಬ್ಬಳ್ಳಿಗೆ ಬಾ. ಮೊದಲು ನಿನ್ನ ರಕ್ತ. ನಿನ್ನಲ್ಲಿ ಇಲ್ಲವೆಂದರೆ ಮಧುವಿನ ಕೂಸಿಗೆ ಈ ಭಯವಿಲ್ಲ.

ನೀಲಾ


ಗಜೇಂದ್ರಗಡ
2 ನವೆಂಬರ್ 2024

ತಂಗಿ ನೀಲಾಳಿಗೆ,

ಡಾಕ್ಟರು ಫೋನ್ ಮಾಡಿದ್ದರು. ನನ್ನಲ್ಲಿ ಅದು ಇಲ್ಲ. ನಿನಗೆ ಬಂದದ್ದು ನನಗೆ ಬಂದಿಲ್ಲ. ನನ್ನಲ್ಲಿ ಇಲ್ಲದ್ದು ಮಧುವಿನಲ್ಲಿ ಇರುವಂತಿಲ್ಲ.

ನಿನ್ನ ವೈನಿ ದೇವರಿಗೆ ದೀಪ ಹಚ್ಚಿದಳು. ರೋಣದಿಂದ ಪೇಢೆ ಬಂತು. ನಾನು ಪೇಢೆಯನ್ನು ಕೈಯಲ್ಲಿ ಹಿಡಿದು ಕೂತೆ, ಬಾಯಿಗೆ ಹಾಕಲು ಆಗಲಿಲ್ಲ. ನೀಲಾ, ಏಳು ವರ್ಷದ ಹಿಂದೆ ನಾನು ರಾಯಣ್ಣನ ಹೆಸರು ಹೇಳಿದ್ದರೆ, ಯಾವುದಾದರೂ ದವಾಖಾನೆಯಲ್ಲಿ ತೋಳು ಚಾಚಿದ್ದರೆ ಇದೇ ಉತ್ತರ ಬರುತ್ತಿತ್ತು. ಮಧುವಿಗೆ ವರ ನೋಡಲು ಯಾವ ಅಡ್ಡಿಯೂ ಇರಲಿಲ್ಲ. ಅವ್ವ ಯಾವುದಕ್ಕೆ ಅಂಜಿ ತನ್ನ ಕೈ ಕೊಟ್ಟಳೋ ಅದು ಮಧುವಿನ ರಕ್ತದಲ್ಲಿ ಇರಲೇ ಇಲ್ಲ. ನಿನ್ನ ಮಗಳಿಗೂ ಅಷ್ಟು ವರ್ಷ ಮೊದಲೇ ಸರಿಯಾದ ಆರೈಕೆ ಸಿಗುತ್ತಿತ್ತು. ನನಗೆ ಸಂತೋಷವಾಗಬೇಕಾಗಿತ್ತು. ನಾಚಿಕೆಯಾಗಿದೆ.

ನಿನ್ನೆ ರೋಣಕ್ಕೆ ಹೋದೆ. ಮಧು ಬಾಗಿಲಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಹಿಂದೆ ಸರಿದೆ. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಕೂಡದೆ, ನಿಂತೇ ಹೇಳಿದೆ. "ನಿಮ್ಮ ನೀಲಾ ಅತ್ತಿನ್ನ ನಾ ಕಳಿಸಿಲ್ಲ. ಎರಡ ಸಲ ಬಂದು ಹೇಳಲಾರದ ಓಡಿ ಹೋದಾಂವ ನಾನು" ಎಂದೆ. ಕಂಬಳಿ, ಕುಣಿ, ನೂಲಿಲ್ಲದ ಮಗ್ಗ, ಎಲ್ಲ ಹೇಳಿದೆ. ಕೊನೆಗೆ ಅವ್ವ ಅಂದ ಮಾತು, ನಾನು ಒಪ್ಪಿದ್ದು, ಅದನ್ನೂ ಹೇಳಿದೆ. ಮಧುವಿನ ಮಾವ ಎದ್ದು ಬಂದು ನನ್ನ ಭುಜ ಹಿಡಿದು ಕೂಡಿಸಿದರು.

ಮಧು ಅಳಲಿಲ್ಲ. ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ನಿಂತಿದ್ದಳು. ಆಮೇಲೆ ಕೇಳಿದಳು:

"ಅಪ್ಪಾ, ನನ್ನ ಲಗ್ನಾ ಗೊತ್ತಾದಾಗ ಆಯಿ, ನಿಮ್ಮವ್ವ, ಆಗಲೇ ತೀರಿಕೊಂಡಿದ್ಲು. ಆಮ್ಯಾಲೂ ನೀ ಯಾಕ ಹೇಳಲಿಲ್ಲ? ಅಕಿ ಹೆಸರಾದ್ರೂ ಸ್ವಚ್ಛ ಆಗ್ತಿತ್ತಲ್ಲ?"

ಅವಳ ಪ್ರಶ್ನೆಯನ್ನು ಹಾಗೆಯೇ ನಿನಗೆ ಬರೆದಿದ್ದೇನೆ, ನೀಲಾ.

ನಿಜಲಿಂಗಪ್ಪ